ಸಸ್ಯತೈಲದ ಕೀಲೆಣ್ಣೆಯೂ ಅತಿಸೂಕ್ಷ್ಮ ಕಣಗಳೂ

ಎತ್ತಿನ ಗಾಡಿಯ ಅಚ್ಚಿನ ಕೆಳಗೆ ಕೀಲೆಣ್ಣೆಯ ಗೊಟ್ಟವೊಂದು ತೂಗಾಡುತ್ತಿದ್ದ ಕಾಲವನ್ನು ಹಿರಿಯ ರೈತರು ಇನ್ನೂ ಮರೆತಿರಲಾರರು. ದೂರದ ಸಂತೆಗೆ ಹೊರಡುವ ಮುನ್ನ ಕಡಾಣಿಯನ್ನು ಕಿತ್ತು, ಚಕ್ರವನ್ನು ಹೊರಕ್ಕೆಳೆದು, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಮಾಡಿದ ಕಪ್ಪು ಜಿಡ್ಡನ್ನು ಅಚ್ಚಿಗೆ ಬಳಿಯುವುದು ಗಾಡಿಯುಳ್ಳ ಮನೆಯವರಿಗೆ ರೂಢಿಯ ಕೆಲಸವಾಗಿದ್ದಿತು. ಬರಿಯ ಎಣ್ಣೆ ಬೇಗ ಹರಿದುಹೋಗುವುದೆಂದೂ, ಮಸಿ ಸೇರಿದರೆ ನಿಲ್ಲುವುದೆಂದೂ ಅವರು ಅನುಭವದಿಂದ ಬಲ್ಲವರಾಗಿದ್ದರು. ಪ್ರಕೃತ ಹಲವು ದೇಶಗಳ ಪ್ರಯೋಗಶಾಲೆಗಳಲ್ಲಿ ಸಸ್ಯತೈಲಕ್ಕೆ ನ್ಯಾನೋ ಕಣಗಳೆಂಬ ಅತಿಸೂಕ್ಷ್ಮವಾದ ಪುಡಿಗಳನ್ನು ಸೇರಿಸಿ ಯಂತ್ರಗಳ ಸವೆತವನ್ನು ತಗ್ಗಿಸುವ ಪ್ರಯತ್ನ ನಡೆಯುತ್ತಿರುವುದನ್ನು ನೋಡಿದರೆ, ಗಾಡಿಯವನ ಆಲೋಚನೆಯೇ ಶಾಸ್ತ್ರೀಯವಾದ ರೂಪವನ್ನು ತಾಳಿ ಹಿಂದಿರುಗಿದೆಯೆಂದು ಹೇಳಬಹುದು. ಆದರೆ ಗೊಟ್ಟದ ಮಸಿಗೂ ಪ್ರಯೋಗಶಾಲೆಯ ಪುಡಿಗೂ ಒಂದು ಮುಖ್ಯವಾದ ಭೇದವುಂಟು. ಮಸಿಯು ಹೊಲದ ಹುಲ್ಲಿನಿಂದ ಹುಟ್ಟಿ ಹೊಲದ ದಾರಿಯಲ್ಲಿಯೇ ಉದುರುತ್ತಿದ್ದಿತು. ಈಗಿನ ಪುಡಿಗಳೆಲ್ಲವನ್ನೂ ಕುರಿತು ಹಾಗೆ ಹೇಳಲಾಗದು.

ಈ ವಿಷಯವು ಕಾರ್ಖಾನೆಯವರಿಗೆ ಮಾತ್ರ ಸಂಬಂಧಪಟ್ಟುದೆಂದು ರೈತರು ಉದಾಸೀನರಾಗಿರುವುದು ತರವಲ್ಲ. ರಾಗಿಯ ಹೊಲದ ಅಕ್ಕಡಿ ಸಾಲಿನಲ್ಲಿ ಹರಳನ್ನು ಬೆಳೆಯುವವರೂ, ಬದುಗಳ ಮೇಲಿನ ಹೊಂಗೆಯ ಮರದಿಂದ ಕಾಯಿಗಳನ್ನು ಆರಿಸಿ ಮಾರುವವರೂ ಸಸ್ಯತೈಲದ ಕೀಲೆಣ್ಣೆಗೆ ಬೇಡಿಕೆ ಹೆಚ್ಚಿದರೆ ಲಾಭ ಹೊಂದತಕ್ಕವರು. ಇದಲ್ಲದೆ ರೈತನ ಉಪಕರಣಗಳಲ್ಲಿ ಎಷ್ಟೋ ವಿಧವಾದ ಎಣ್ಣೆ ಒಂದು ಸಾರಿ ಹಾಕಿದರೆ ಮರಳಿ ಕೈಗೆ ಬಾರದೆ ನೆಲವನ್ನೇ ಸೇರುತ್ತದೆ. ಮಲೆನಾಡಿನ ಕಾಫಿಯ ತೋಟಗಳಲ್ಲಿ ನೆರಳಿನ ಮರಗಳನ್ನು ಸವರುವ ಸರಪಳಿ ಗರಗಸವೇ ಇದಕ್ಕೆ ತಕ್ಕ ನಿದರ್ಶನ. ಅದರ ಸರಪಳಿಗೆ ಊಡುವ ಎಣ್ಣೆಯೆಲ್ಲವೂ ಮರದ ಹೊಟ್ಟಿನೊಡನೆ ಸಿಡಿದು ತೋಟದೊಳಗೇ ಬೀಳುವುದು. ಖರ್ಚು ಉಳಿಯಲೆಂದು ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನೇ ಅದಕ್ಕೆ ಸುರಿಯುವ ವಾಡಿಕೆಯೂ ಉಂಟು. ಇದಕ್ಕಿಂತ ಕೆಟ್ಟ ಮಿತವ್ಯಯವನ್ನು ಕಾಣುವುದು ಕಷ್ಟ. ಆಸ್ಟ್ರಿಯಾ ದೇಶದವರು ಇಂತಹ ಗರಗಸಗಳಿಗೆ ಖನಿಜ ತೈಲವನ್ನು ಉಪಯೋಗಿಸಕೂಡದೆಂದು 1992ರಲ್ಲಿಯೇ ವಿಧಿಸಿದರು. ಮಂಡ್ಯದ ಸೀಮೆಯ ಆಲೆಮನೆಗಳಲ್ಲಿ ಕಬ್ಬಿನ ಗಾಣದ ಹಲ್ಲುಚಕ್ರಗಳಿಂದಲೂ ಬೇರಿಂಗುಗಳಿಂದಲೂ ತೊಟ್ಟಿಕ್ಕುವ ಎಣ್ಣೆಯ ಒಂದು ಭಾಗ ನೆಲಕ್ಕೆ ಬೀಳುತ್ತದೆ. ಗಾಣದವನು ಎಚ್ಚರದಪ್ಪಿದರೆ ಹಾಲಿಗೂ ಬೀಳುತ್ತದೆ.

ಹೀಗೆ ನೆಲವನ್ನು ಸೇರತಕ್ಕ ಎಣ್ಣೆಯು ಸಸ್ಯಜನ್ಯವಾಗಿದ್ದರೆ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಆಹಾರವಾಗಿ ಸ್ವೀಕರಿಸಿ ಕೆಲವು ವಾರಗಳಲ್ಲಿ ಬಹುಭಾಗವನ್ನು ಕೊಳೆಯಿಸಿಬಿಡುವುವು. ಖನಿಜ ತೈಲವು ಅದೇ ಮಣ್ಣಿನಲ್ಲಿ ಬಹುಕಾಲ ನಿಲ್ಲುತ್ತದೆ. ಕೀಲೆಣ್ಣೆಯಾಗಿಯೂ ಸಸ್ಯತೈಲವು ಕೀಳಾದುದೇನೂ ಅಲ್ಲ. ಅದರಲ್ಲಿರುವ ಕೊಬ್ಬಿನಾಮ್ಲದ ಅಣುವಿಗೆ ಲೋಹವನ್ನು ಬಯಸುವ ತಲೆಯೊಂದು, ಎಣ್ಣೆಯಲ್ಲಿ ಚಾಚಿಕೊಂಡಿರುವ ಉದ್ದವಾದ ಬಾಲವೊಂದು ಉಂಟು. ಅಣುಗಳು ಪೈರಿನ ಸಾಲಿನಂತೆ ಲೋಹದ ಮೇಲೆ ಒತ್ತಾಗಿ ನಿಂತು ತೆಳುವಾದ ಪದರವಾಗುವುದರಿಂದ, ಎರಡು ಲೋಹಗಳ ನಡುವೆ ಎಣ್ಣೆ ಹಿಂಡಿಹೋದ ಮೇಲೆಯೂ ಅವು ನೇರವಾಗಿ ಉಜ್ಜುವುದಿಲ್ಲ. ಇಂಗ್ಲೆಂಡಿನ ವಿಲಿಯಂ ಹಾರ್ಡಿ ಎಂಬ ವಿಜ್ಞಾನಿಯು 1920ರ ಸುಮಾರಿನಲ್ಲಿ ಈ ಪದರದ ವಿಚಾರವಾಗಿ ನಡೆಸಿದ ಪ್ರಯೋಗಗಳು ಇಂದಿಗೂ ಮಾನ್ಯವಾಗಿವೆ. ಬರಿಯ ಖನಿಜ ತೈಲಕ್ಕೆ ಈ ಗುಣ ಇಲ್ಲದಿರುವುದರಿಂದ ಅದಕ್ಕೆ ಬೇರೆ ಪದಾರ್ಥಗಳನ್ನು ಸೇರಿಸಬೇಕಾಗುತ್ತದೆ.

ಹರಳೆಣ್ಣೆಯ ಸಂಗತಿಯಂತೂ ಇನ್ನೂ ವಿಶೇಷವಾದುದು. ಅದರ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ 85ರಿಂದ 90 ಭಾಗ ರಿಸಿನೋಲಿಕ್ ಆಮ್ಲವೊಂದೇ. ಈ ಆಮ್ಲದ ವಿಚಿತ್ರವಾದ ರಚನೆಯಿಂದ ಹರಳೆಣ್ಣೆಯು 40 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿಯೂ ಹೊಂಗೆಯೆಣ್ಣೆಗಿಂತ ಸುಮಾರು 6 ಪಟ್ಟು ಮಂದವಾಗಿರುತ್ತದೆ. ಪೆಟ್ರೋಲಿನೊಡನೆಯೂ ಸುಲಭವಾಗಿ ಬೆರೆಯುವುದಿಲ್ಲ. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ವಿಮಾನಗಳ ತಿರುಗುವ ಎಂಜಿನ್ನುಗಳಿಗೆ ಇದನ್ನೇ ಹಾಕುತ್ತಿದ್ದರು. ಇಂದು ಪ್ರಪಂಚದಲ್ಲಿ ಹರಳನ್ನು ಅತ್ಯಧಿಕವಾಗಿ ಬೆಳೆಯುವ ದೇಶ ಭಾರತವೇ; ಅದರಲ್ಲಿಯೂ ಗುಜರಾತಿಗೆ ಮೊದಲನೆಯ ಸ್ಥಾನ.

ಇಷ್ಟು ಗುಣಗಳಿದ್ದರೂ ಸಸ್ಯತೈಲವು ಯಂತ್ರಗಳಿಂದ ಹಿಂದೆ ಸರಿದುದಕ್ಕೆ ಕಾರಣವೇನೆಂಬುದನ್ನು ವಿಚಾರಮಾಡದೆ ಅದಕ್ಕೆ ಚಿಕಿತ್ಸೆಯನ್ನು ಹೇಳುವುದು ಸರಿಯಲ್ಲ. ಸಸ್ಯತೈಲದ ನಿಜವಾದ ರೋಗವೆಂದರೆ ಅದು ಗಾಳಿಯಲ್ಲಿನ ಆಮ್ಲಜನಕದೊಡನೆ ಕೂಡಿ ಕೆಡುವುದು. ಅಡಿಗೆಯ ಮನೆಯಲ್ಲಿ ಎಣ್ಣೆಯ ಕೊಡದ ಬಾಯಿಗೆ ಅಂಟಂಟಾದ ಹೊರೆ ಕಟ್ಟುವುದನ್ನು ಯಾವ ಗೃಹಿಣಿಯೂ ಬಲ್ಲಳು. ಬಿಸಿಯಾದ ಯಂತ್ರದಲ್ಲಿ ಅದೇ ಕಾರ್ಯ ಅನೇಕ ಪಟ್ಟು ವೇಗದಿಂದ ನಡೆಯುವುದು. ಎಣ್ಣೆ ಮೊದಲು ಹುಳಿಯಾಗಿ ಲೋಹವನ್ನು ಕಡಿಯುತ್ತದೆ; ಆಮೇಲೆ ಮಂದವಾಗಿ ಅರಗಿನಂತೆ ಹಿಡಿದುಕೊಳ್ಳುತ್ತದೆ. ಒಲೀಯಿಕ್ ಆಮ್ಲ ಹೆಚ್ಚಾಗಿರುವ ಎಣ್ಣೆ ತಕ್ಕಮಟ್ಟಿಗೆ ತಾಳಿಕೊಳ್ಳುವುದು. ಲಿನೋಲಿಯಿಕ್ ಆಮ್ಲವು ಅದರ ಹತ್ತು ಪಟ್ಟಿಗಿಂತಲೂ ವೇಗವಾಗಿ ಕೆಡುವುದು. ಹೊಂಗೆಯೆಣ್ಣೆಯಲ್ಲಿ ಒಲೀಯಿಕ್ ಆಮ್ಲವೇ ಪ್ರಧಾನವಾಗಿದ್ದರೂ ಇನ್ನೊಂದೂ ಗಣನೀಯವಾಗಿಯೇ ಇರುತ್ತದೆ. ನೀರು ಸೇರಿದರೆ ಸಸ್ಯತೈಲ ಒಡೆದು ಆಮ್ಲ ಬಿಡುಗಡೆಯಾಗುವುದೆಂಬುದೂ ಒಂದು ದೋಷ. ಚಳಿಗೆ ಹೆಪ್ಪುಗಟ್ಟುವುದನ್ನು ಯೂರೋಪಿನವರು ದೊಡ್ಡ ದೋಷವೆಂದೆಣಿಸುವರು. ಈ ಪ್ರಾಂತದಲ್ಲಿ ಅದನ್ನು ಗಮನಿಸಬೇಕಾದುದಿಲ್ಲ.

ಇನ್ನು ಕಣಗಳ ವಿಚಾರ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲೊಂದು ನ್ಯಾನೋಮೀಟರು. ಒಂದರಿಂದ ನೂರು ನ್ಯಾನೋಮೀಟರಿನೊಳಗಣ ಕಣಗಳಿಗೆ ನ್ಯಾನೋ ಕಣಗಳೆಂದು ಹೆಸರು. ತಾಮ್ರದ ಆಕ್ಸೈಡ್, ಸತುವಿನ ಆಕ್ಸೈಡ್, ಟೈಟೇನಿಯಂ ಆಕ್ಸೈಡ್, ಸಿಲಿಕಾ, ಮಾಲಿಬ್ಡಿನಂ ಸಲ್ಫೈಡ್, ಗ್ರಾಫೀನ್ ಮುಂತಾದ ನಾನಾ ಪದಾರ್ಥಗಳನ್ನು ಈ ಗಾತ್ರಕ್ಕೆ ತಂದು ಪರೀಕ್ಷಿಸಿದ್ದಾರೆ. ಎಷ್ಟು ನುಣುಪಾಗಿ ಕಡೆದ ಉಕ್ಕಿನ ಮೇಲೆಯೂ ಬೆಟ್ಟಗುಡ್ಡಗಳಂತಹ ಉಬ್ಬುತಗ್ಗುಗಳಿರುವುವು. ಈ ಕಣಗಳಲ್ಲಿ ಕೆಲವು ತಗ್ಗುಗಳನ್ನು ತುಂಬುವುವು. ಕೆಲವು ಉಬ್ಬುಗಳನ್ನು ಮೆಲ್ಲಗೆ ತೀಡುವುವು. ದುಂಡಾಗಿರುವುವು ನಡುವೆ ಸಿಕ್ಕಿ ಉರುಳುವುವು. ಮಾಲಿಬ್ಡಿನಂ ಸಲ್ಫೈಡಿನಂತಹವು ವೀಳ್ಯದೆಲೆಯ ಕವಳಿಗೆಯಂತೆ ಪದರ ಪದರವಾಗಿದ್ದು ಒಂದರ ಮೇಲೊಂದು ಜಾರುವುವು. ಇಸ್ರೇಲಿನ ವೈಜ್‌ಮನ್ ವಿದ್ಯಾಸಂಸ್ಥೆಯ ರೆಷೆಫ್ ಟೆನ್ನೆ ಎಂಬವರು 1992ರಲ್ಲಿ ಟಂಗ್‌ಸ್ಟನ್ ಸಲ್ಫೈಡಿನ ಇಂತಹ ಪದರಗಳು ಈರುಳ್ಳಿಯಂತೆ ದುಂಡಾಗಿ ಮುಚ್ಚಿಕೊಳ್ಳುವುದನ್ನು ಪ್ರಕಟಿಸಿದ ಮೇಲೆ ಈ ಶೋಧನೆಗೆ ಹೆಚ್ಚಿನ ಉತ್ಸಾಹ ಬಂದಿತು.

ಕಣಗಳಿಂದ ಗುಣವಿಲ್ಲವೆಂದು ಯಾರೂ ಹೇಳಲಾರರು. ಭಾರ ಮಿತಿಮೀರಿ ಕೊಬ್ಬಿನಾಮ್ಲದ ಪದರ ಹರಿದುಹೋಗುವ ಎಡೆಗಳಲ್ಲಿ ಅವು ಲೋಹವನ್ನು ಕಾಪಾಡುವುವು. ನೂರು ಭಾಗ ಎಣ್ಣೆಗೆ ಹತ್ತನೆಯ ಒಂದು ಭಾಗದಿಂದ ಒಂದು ಭಾಗದವರೆಗೆ ಸೇರಿಸಿದಾಗ ಸವೆತವು ಕಡಮೆಯಾಯಿತೆಂದು ಅನೇಕ ಸಂಶೋಧಕರು ಕಂಡಿದ್ದಾರೆ. ಅದಕ್ಕಿಂತ ಹೆಚ್ಚಾದರೆ ಕಣಗಳು ಮುದ್ದೆಗಟ್ಟಿ ಸವೆತ ಹೆಚ್ಚುವುದನ್ನೂ ಅವರೇ ಕಂಡಿದ್ದಾರೆ. ಆದರೆ ಈ ಫಲಿತಾಂಶಗಳಲ್ಲಿ ಬಹುಪಾಲು ಯಾವ ಪರೀಕ್ಷೆಯಿಂದ ಬಂದವೆಂಬುದನ್ನು ನೋಡಬೇಕು. ನಾಲ್ಕು ಗುಂಡಿನ ಯಂತ್ರವೆಂಬುದರಲ್ಲಿ 12.7 ಮಿಲಿಮೀಟರು ವ್ಯಾಸದ ಮೂರು ಉಕ್ಕಿನ ಗುಂಡುಗಳನ್ನು ಎಣ್ಣೆಯ ಬಟ್ಟಲಿನಲ್ಲಿ ಬಿಗಿದು, ನಾಲ್ಕನೆಯದನ್ನು ಅವುಗಳ ಮೇಲೆ 40 ಕಿಲೋಗ್ರಾಂ ಭಾರದಿಂದ ಒತ್ತಿ, ನಿಮಿಷಕ್ಕೆ 1200 ಸುತ್ತಿನಂತೆ ತಿರುಗಿಸುವರು. ಎಣ್ಣೆಯ ಉಷ್ಣ 75 ಡಿಗ್ರಿ. ತರುವಾಯ ಗುಂಡುಗಳ ಮೇಲಾದ ಗಾಯದ ಅಗಲವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುವರು. ಪರೀಕ್ಷೆ ನಡೆಯುವ ಕಾಲ ಒಂದು ಗಂಟೆ.

ಒಂದು ಗಂಟೆಯಲ್ಲಿ ಯಾವ ಎಣ್ಣೆಯೂ ಮುದಿಯಾಗುವುದಿಲ್ಲ. ಟ್ರಾಕ್ಟರಿನ ಎಂಜಿನ್ನಿನ ಎಣ್ಣೆ ನೂರಾರು ಗಂಟೆ ದುಡಿಯಬೇಕು. ಆಲೆಮನೆಯ ಗಾಣದ ಪೆಟ್ಟಿಗೆಯೊಳಗಿನದು ತಿಂಗಳುಗಟ್ಟಲೆ ನಿಲ್ಲಬೇಕು. ಸಸ್ಯತೈಲಕ್ಕೆ ಸಹಜವಾಗಿಯೇ ಒಳ್ಳೆಯದಾಗಿರುವ ಗುಣವನ್ನು ಇನ್ನಷ್ಟು ಒಳ್ಳೆಯದಾಗಿ ಮಾಡಿ, ಅದರ ರೋಗವನ್ನು ಮುಟ್ಟದೆಯೇ ಬಿಟ್ಟರೆ, ಬಲವಾದ ಕಾಲಿಗೆ ಪಟ್ಟು ಹಾಕಿ ನೋಯುವ ಕಾಲನ್ನು ಮರೆತಂತಾಗುವುದು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ತಾಮ್ರವು ಎಣ್ಣೆಯನ್ನು ಕೆಡಿಸುವುದರಲ್ಲಿ ಹೆಸರಾದ ಲೋಹ. ಎಣ್ಣೆಯ ತಾಳಿಕೆಯನ್ನು ಅಳೆಯುವ ಒಂದು ಪ್ರಸಿದ್ಧವಾದ ಪರೀಕ್ಷೆಯಲ್ಲಿ ಆಮ್ಲಜನಕ ತುಂಬಿದ ಪಾತ್ರೆಯಲ್ಲಿ ಎಣ್ಣೆಯನ್ನು 150 ಡಿಗ್ರಿಗೆ ಕಾಯಿಸುವರು. ಅದು ಬೇಗ ಕೆಡಲೆಂದೇ ಅದರೊಳಗೆ ತಾಮ್ರದ ತಂತಿಯ ಸುರುಳಿಯನ್ನಿಡುವರು! ಒಂದು ಪ್ರಯೋಗಶಾಲೆಯವರು ಎಣ್ಣೆಯನ್ನು ಕೆಡಿಸಲು ಇಡುವ ಲೋಹದ ಆಕ್ಸೈಡನ್ನು ಇನ್ನೊಂದು ಪ್ರಯೋಗಶಾಲೆಯವರು ಎಣ್ಣೆಯನ್ನು ಉತ್ತಮಪಡಿಸಲು ಬೆರೆಸುತ್ತಿರುವರೆಂದರೆ ಇಬ್ಬರೂ ಒಂದೆಡೆ ಕುಳಿತು ಮಾತನಾಡುವುದು ಒಳ್ಳೆಯದು. ಹುಳಿಯಾದ ಎಣ್ಣೆಯಲ್ಲಿ ತಾಮ್ರದ ಆಕ್ಸೈಡಿನ ಸ್ವಲ್ಪ ಭಾಗ ಕರಗಿ ಸಾಬೂನಿನಂತಹ ಲವಣವಾಗುವುದು. ಆ ಲವಣವೇ ಮುಂದಣ ಕೆಡುಕಿಗೆ ಪ್ರೇರಕ. ಎಲ್ಲ ಕಣಗಳೂ ಹೀಗೆ ಮಾಡುವುವೆಂದಲ್ಲ. ಸಿಲಿಕಾ, ಗ್ರಾಫೈಟು, ಬೋರಾನ್ ನೈಟ್ರೈಡ್ ಮುಂತಾದವುಗಳಿಗೆ ಈ ದೋಷವನ್ನು ಆರೋಪಿಸಲಾಗದು.

ಮುದ್ದೆಗಟ್ಟುವಿಕೆಯೂ ಸಾಮಾನ್ಯವಾದ ತೊಂದರೆಯಲ್ಲ. ತಾಮ್ರದ ಆಕ್ಸೈಡ್ ಎಣ್ಣೆಗಿಂತ ಆರು ಪಟ್ಟಿಗಿಂತಲೂ ಹೆಚ್ಚು ತೂಕವುಳ್ಳದ್ದು. ಐವತ್ತು ನ್ಯಾನೋಮೀಟರಿನ ಬಿಡಿಯ ಕಣವೊಂದು ಹೊಂಗೆಯೆಣ್ಣೆಯಲ್ಲಿ ದಿನವೊಂದಕ್ಕೆ ಕೂದಲೆಳೆಯ ದಪ್ಪದಷ್ಟೂ ಇಳಿಯಲಾರದೆಂದು ಲೆಕ್ಕದಿಂದ ತೋರುತ್ತದೆ. ಆದರೆ ಇಳಿಯುವ ವೇಗವು ಗಾತ್ರದ ವರ್ಗಕ್ಕೆ ಅನುಸಾರವಾಗಿ ಬೆಳೆಯುವುದರಿಂದ, ಕಣಗಳು ಕೂಡಿ ಇಪ್ಪತ್ತರಷ್ಟು ಅಗಲದ ಮುದ್ದೆಯಾದರೆ ಅದು ನಾನೂರು ಪಟ್ಟು ಬೇಗನೆ, ಅಂದರೆ ದಿನಕ್ಕೆ ಸುಮಾರು ಕಾಲು ಅಂಗುಲ ಇಳಿಯುವುದು. ಒಂದು ವಾರದಲ್ಲಿ ಡಬ್ಬಿಯ ತಳದಲ್ಲಿ ಗಸಿ ನಿಲ್ಲಲು ಇಷ್ಟು ಸಾಕು. ಇದನ್ನು ತಡೆಯುವುದಕ್ಕಾಗಿ ಕಣಗಳಿಗೆ ಒಲೀಯಿಕ್ ಆಮ್ಲದಂತಹ ಪದಾರ್ಥದ ಲೇಪವನ್ನು ಕೊಡುವರು. ಅಂಗಡಿಯಿಂದ ಪುಡಿಯ ಪೊಟ್ಟಣವನ್ನು ಕೊಂಡುತಂದು ಎಣ್ಣೆಗೆ ಸುರಿದು ಕಡ್ಡಿಯಿಂದ ಕಲಕುವುದರಿಂದ ಪ್ರಯೋಜನವಿಲ್ಲ. ಒಣಗಿದ ಪುಡಿ ಉಸಿರಿನೊಡನೆ ಶ್ವಾಸಕೋಶದ ಆಳವನ್ನು ಸೇರುವ ಅಪಾಯವೊಂದು ಹೆಚ್ಚು. ರೈತರು ಈ ಕೆಲಸಕ್ಕೆ ಎಂದಿಗೂ ಕೈಹಾಕಕೂಡದು.

ಇನ್ನು ನೆಲದ ಪ್ರಶ್ನೆ. ಸಸ್ಯತೈಲದ ಕೀಲೆಣ್ಣೆಯನ್ನು ಮಾರುವವರು ಅದು ಮಣ್ಣಿನಲ್ಲಿ ಕೊಳೆತುಹೋಗುವುದೆಂಬ ಒಂದು ಗುಣವನ್ನೇ ಮುಂದೆ ಮಾಡುವರು. ಕೊಳೆಯುವುದು ಎಣ್ಣೆ, ಲೋಹ ಎಂದಿಗೂ ಕೊಳೆಯದು. ಈ ಮಾತಿಗೆ ಮಲೆನಾಡಿನ ಅಡಕೆಯ ಬೆಳೆಗಾರನು ಒಂದು ಆಕ್ಷೇಪಣೆಯನ್ನು ತರಬಹುದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ತರುವಾಯ ವ್ಯವಸಾಯ ಇಲಾಖೆಯ ಡೈರೆಕ್ಟರಾದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ತೋರಿಸಿಕೊಟ್ಟಂದಿನಿಂದ ತೋಟಗಳಿಗೆ ವರ್ಷವರ್ಷವೂ ತಾಮ್ರ ಬೀಳುತ್ತಿದೆಯಲ್ಲವೆ, ಕೀಲೆಣ್ಣೆಯೊಳಗಿನ ಚಿಟಿಕೆ ತಾಮ್ರದಿಂದ ಏನಾಗುವುದು ಎಂದು ಅವನು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಲೆಕ್ಕ ಹಾಕಿ ನೋಡೋಣವೆಂದರೆ, ನೂರು ಲೀಟರು ದ್ರಾವಣಕ್ಕೆ ಒಂದು ಕಿಲೋಗ್ರಾಂ ಮೈಲುತುತ್ತ ಹಾಕುವಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ನೂರಕ್ಕೆ ಅರ್ಧ ಭಾಗದಂತೆ ತಾಮ್ರದ ಆಕ್ಸೈಡ್ ಬೆರೆಸಿದ ಒಂದು ಲೀಟರು ಕೀಲೆಣ್ಣೆಯಲ್ಲಿರುವುದು ಸುಮಾರು 4 ಗ್ರಾಂ ಮಾತ್ರ. ತೂಕವೊಂದನ್ನೇ ನೋಡಿದರೆ ಬೆಳೆಗಾರನ ಮಾತೇ ಗೆಲ್ಲುತ್ತದೆ.

ಆದರೆ ದ್ರಾವಣವು ಕೊಳೆರೋಗದಿಂದ ಫಸಲನ್ನು ಉಳಿಸುವುದು. ಆ ಲಾಭಕ್ಕಾಗಿ ಮಣ್ಣಿನ ತಾಮ್ರವನ್ನು ಸಹಿಸಬೇಕಾಗಿದೆ. ಹೀಗೆ ಸಹಿಸಿದುದರ ಫಲವನ್ನು ಫ್ರಾನ್ಸಿನ ಹಳೆಯ ದ್ರಾಕ್ಷಿಯ ತೋಟಗಳ ಮಣ್ಣಿನಲ್ಲಿ ಕಾಣಬಹುದು: ತಾಮ್ರ ಅಲ್ಲಿ ಮೇಲ್ಮಣ್ಣಿನಲ್ಲಿಯೇ ಶೇಖರವಾಗಿ ನಿಂತಿದೆ. ಕೀಲೆಣ್ಣೆಯ ತಾಮ್ರಕ್ಕೆ ಅಂತಹ ಲಾಭದ ಸಮಾಧಾನವಿಲ್ಲ. ಅದೇ ಕೆಲಸವನ್ನು ನಿರಪಾಯವಾದ ಪದಾರ್ಥದಿಂದ ಮಾಡಿಸಬಹುದಾಗಿದೆ. ಮೇಲಾಗಿ ದ್ರಾವಣವು ತೋಟದ ಉದ್ದಗಲಕ್ಕೂ ಹರಡಿದರೆ, ಎಣ್ಣೆ ಗಾಣದ ಬುಡದಲ್ಲಿ, ಪಂಪಿನ ಪಕ್ಕದಲ್ಲಿ, ಯಂತ್ರವನ್ನು ತೊಳೆಯುವ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಬೀಳುವುದು. ಅಲ್ಲಿಂದ ಮಳೆಯ ನೀರಿನೊಡನೆ ಕಟ್ಟೆಗೋ ಕೆರೆಗೋ ಇಳಿಯುವುದು. ಸತುವಿನ ಆಕ್ಸೈಡಿನ ವಿಷಯವೂ ಬಹುಮಟ್ಟಿಗೆ ಹೀಗೆಯೇ: ಬೆಳೆಗೆ ಸತು ಬೇಕೆಂಬುದು ನಿಜ, ಆದರೆ ಅತಿಸೂಕ್ಷ್ಮ ಕಣದಿಂದ ಕರಗಿ ಬರುವ ಸತು ಹೆಚ್ಚಾದರೆ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಬಾಧಕ. ಮಾಲಿಬ್ಡಿನಂ ದ್ವಿದಳ ಧಾನ್ಯಗಳ ಬೇರುಗಂಟಿಗೆ ಅವಶ್ಯಕವಾದ ಪದಾರ್ಥವೇ. ಆದರೆ ಮೇವಿನಲ್ಲಿ ಅದು ಮಿತಿಮೀರಿದರೆ ದನಗಳಿಗೆ ತಾಮ್ರದ ಕೊರತೆಯ ರೋಗ ಬರುತ್ತದೆ.

ಹಾಗಾದರೆ ಯಾವ ಕಣವನ್ನು ಆರಿಸತಕ್ಕದ್ದು? ಮಣ್ಣಿಗೆ ಹೊಸದಲ್ಲದ ಪದಾರ್ಥಗಳಿಂದಲೇ ಆರಂಭಿಸುವುದು ಯುಕ್ತವೆಂದು ತೋರುತ್ತದೆ. ಸುಣ್ಣದ ಕಾರ್ಬೊನೇಟು ಇವುಗಳಲ್ಲಿ ಮೊದಲನೆಯದು. ಇದು ಕೇವಲ ಊಹೆಯ ಮಾತಲ್ಲ. ಎಂಜಿನ್ನುಗಳಿಗೆ ಹಾಕುವ ಖನಿಜ ತೈಲದಲ್ಲಿ ಹುಳಿಯನ್ನು ಮುರಿಯಲೆಂದು ಸೇರಿಸುವ ಕ್ಯಾಲ್ಸಿಯಂ ಪದಾರ್ಥದೊಳಗೆ ಕೆಲವೇ ನ್ಯಾನೋಮೀಟರು ಗಾತ್ರದ ಸುಣ್ಣದ ಕಾರ್ಬೊನೇಟಿನ ಕಣಗಳೇ ಇರುವುವು. ಹಲವು ದಶಕಗಳಿಂದ ಜಗತ್ತಿನ ಬಂಡಿಗಳೆಲ್ಲ ಹೆಸರು ತಿಳಿಯದೆಯೇ ನ್ಯಾನೋ ಕಣಗಳನ್ನು ಉಪಯೋಗಿಸುತ್ತ ಬಂದಿವೆ. ಸಸ್ಯತೈಲವು ಹುಳಿಯಾಗತಕ್ಕ ಸ್ವಭಾವದ್ದಾದುದರಿಂದ ಹುಳಿಯನ್ನು ಮುರಿಯುವ ಈ ಕಣವು ಅದರ ರೋಗಕ್ಕೂ ಸ್ವಲ್ಪ ಮದ್ದಾದೀತು. ಸಿಲಿಕಾ, ಗ್ರಾಫೈಟು, ಗಿಡಗಳ ನಾರಿನಿಂದಲೇ ತೆಗೆಯುವ ಸೆಲ್ಯುಲೋಸಿನ ಕಣ ಇವುಗಳನ್ನೂ ಪರೀಕ್ಷಿಸಿ ನೋಡಬಹುದು. ತಾಮ್ರದ ಆಕ್ಸೈಡಿನಿಂದ ಗಾಯದ ಅಗಲ ಇನ್ನೂ ಸ್ವಲ್ಪ ಕಿರಿದಾಗಬಹುದೆಂಬುದು ಅದನ್ನು ಹೊಲಕ್ಕೆ ತರಲು ಸಾಲದ ಕಾರಣ.

ಕಣಗಳಿಗಿಂತ ಮೊದಲು ಮಾಡಬೇಕಾದ ಕೆಲಸ ಗಾಣದಲ್ಲಿಯೇ ಉಂಟು. ಮಳೆಗೆ ನೆನೆದು ಬೂಷ್ಟು ಹಿಡಿದ ಹೊಂಗೆಯ ಬೀಜದಿಂದ ತೆಗೆದ ಎಣ್ಣೆ ಹುಟ್ಟುವಾಗಲೇ ಹುಳಿಯಾಗಿರುತ್ತದೆ. ಅದಕ್ಕೆ ಯಾವ ಪುಡಿಯನ್ನು ಬೆರೆಸಿಯೂ ಫಲವಿಲ್ಲ. ಕಾಯಿಗಳನ್ನು ಚೆನ್ನಾಗಿ ಒಣಗಿಸಿ, ಬೀಜವನ್ನು ಬೇಗನೆ ಅರೆಯಿಸಿ, ಎಣ್ಣೆಯೊಳಗಿನ ಅಂಟನ್ನೂ ಬಿಡಿ ಆಮ್ಲವನ್ನೂ ತೆಗೆದು, ಕೆಡದಂತೆ ತಡೆಯುವ ಪದಾರ್ಥವನ್ನು ಸ್ವಲ್ಪ ಸೇರಿಸಿದರೆ ಅದರ ಆಯುಸ್ಸು ಬಹಳ ಬೆಳೆಯುವುದು. ಹಾಸನದ ಬಳಿ ಮಡೆನೂರಿನಲ್ಲಿರುವ ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವು ಹೊಂಗೆಯ ಬೀಜವನ್ನು ಹಳ್ಳಿಗಳಿಂದ ಕೂಡಿಸಿ ಇಂಧನವಾಗಿ ಮಾಡುವ ಕ್ರಮವನ್ನು ತೋರಿಸಿದೆ. ಅದೇ ಎಣ್ಣೆಯ ಒಳ್ಳೆಯ ಭಾಗವನ್ನು ಕೀಲೆಣ್ಣೆಗೆಂದು ಬೇರೆಯಾಗಿಟ್ಟರೆ, ಸುಟ್ಟು ಕಳೆಯುವ ಎಣ್ಣೆಗಿಂತ ಹೆಚ್ಚಿನ ಬೆಲೆಯನ್ನು ಅದಕ್ಕೆ ಕೇಳಬಹುದು. ಬೀಜ ಆರಿಸುವ ಕೈಗಳಿಗೂ ಅದರ ಪಾಲು ಮುಟ್ಟಬೇಕು.

ಉಪಯೋಗಿಸುವ ಎಡೆಗಳಲ್ಲಿಯೂ ವಿವೇಚನೆ ಬೇಕು. ಒಂದೇ ಸಾರಿ ಹಾದುಹೋಗುವ ಎಡೆಗಳಲ್ಲಿ, ಎಂದರೆ ಗರಗಸದ ಸರಪಳಿ, ಬಂಡಿಯ ಅಚ್ಚು, ತೆರೆದ ಹಲ್ಲುಚಕ್ರ ಇವುಗಳಲ್ಲಿ, ಎಣ್ಣೆಗೆ ಮುದಿಯಾಗಲು ಕಾಲವೇ ಸಿಗುವುದಿಲ್ಲ; ಅಲ್ಲಿ ಸಸ್ಯತೈಲವನ್ನು ಇಂದೇ, ಯಾವ ಕಣದ ನೆರವೂ ಇಲ್ಲದೆ, ಆರಂಭಿಸಬಹುದು. ಆಲೆಮನೆಯಲ್ಲಿ ಹರಳೆಣ್ಣೆ ಮೊದಲಿನಿಂದಲೂ ಪರಿಚಿತವಾದುದೇ: ಕೊಪ್ಪರಿಗೆಯ ಹಾಲು ಉಕ್ಕಿ ಬಂದಾಗ ನೊರೆ ಅಡಗಲೆಂದು ಅದನ್ನು ಸ್ವಲ್ಪ ಹಾಕುವುದುಂಟು. ಅಂತಹ ಎಣ್ಣೆ ಗಾಣದಿಂದ ಒಂದು ತೊಟ್ಟು ಹಾಲಿಗೆ ಬಿದ್ದರೆ ಗಾಬರಿಯಾಗಬೇಕಾದುದಿಲ್ಲ. ಲೋಹದ ಕಣ ಬೆರೆತ ಎಣ್ಣೆ ಬಿದ್ದರೆ ಅದು ಬೆಲ್ಲದಲ್ಲಿ ಉಳಿಯುವುದು. ಕಹಿಯಾದ ಹೊಂಗೆಯೆಣ್ಣೆಯನ್ನೂ ಗಾಣದ ಹತ್ತಿರಕ್ಕೆ ತರಬಾರದು. ಟ್ರಾಕ್ಟರಿನ ಎಂಜಿನ್ನಿಗೆ ಮಾತ್ರ, ತಯಾರಕರು ಒಪ್ಪಿದ ಎಣ್ಣೆಯನ್ನು ಬಿಟ್ಟು, ನ್ಯಾನೋ ಎಂದು ಹೆಸರಿಟ್ಟು ಬರುವ ಯಾವ ಸೀಸೆಯನ್ನೂ ಸುರಿಯಕೂಡದು. ಎಂಜಿನ್ನು ಕೆಟ್ಟರೆ ನಷ್ಟವನ್ನು ಕಟ್ಟಿಕೊಡುವವರು ಯಾರೂ ಮುಂದೆ ಬರಲಾರರು.

ಸಾರ್ವಜನಿಕರ ಹಣದಿಂದ ನಡೆಯುವ ಸಂಶೋಧನೆಯು ಇನ್ನು ಮುಂದೆ ನಾಲ್ಕು ಗುಂಡಿನ ಯಂತ್ರದ ಒಂದು ಗಂಟೆಯ ಫಲವನ್ನಷ್ಟೇ ಪ್ರಕಟಿಸಿ ತೃಪ್ತಿಪಡಬಾರದು. ಅದೇ ಎಣ್ಣೆಯನ್ನು ಕಾಯಿಸಿ ಮುದಿಯಾಗಿಸಿ ಮತ್ತೆ ಯಂತ್ರಕ್ಕೆ ಹಾಕಿದಾಗ ಗಾಯದ ಅಗಲವೆಷ್ಟು, ಕಬ್ಬು ಅರೆಯುವ ಹಂಗಾಮು ಪೂರ್ತಿ ಗಾಣದಲ್ಲಿ ದುಡಿದ ಮೇಲೆ ಹುಳಿಯೆಷ್ಟು, ಆ ಎಣ್ಣೆ ಬಿದ್ದ ಮಣ್ಣಿನಲ್ಲಿ ಎರೆಹುಳುಗಳು ಉಳಿದವೇ ಎಂಬುವನ್ನೂ ಅದೇ ಪಟ್ಟಿಯಲ್ಲಿ ಬರೆಯತಕ್ಕದ್ದು. ಈ ಪರೀಕ್ಷೆಗಳಲ್ಲಿ ಒಂದನ್ನು ಕೊಳ್ಳುವವರು ತಾವೇ ಮಾಡಬಹುದು: ಕಣ ಬೆರೆಸಿದುದೆಂದು ಮಾರುವ ಎಣ್ಣೆಯನ್ನು ಒಂದು ಗಾಜಿನ ಸೀಸೆಯಲ್ಲಿ ತುಂಬಿ, ಸಂಕ್ರಾಂತಿಯ ದಿನ ಮಾಡಿನ ಮೇಲಿಟ್ಟು, ಯುಗಾದಿಯವರೆಗೆ ಅಲುಗಿಸದೆ ಬಿಟ್ಟು, ಆಮೇಲೆ ಸೀಸೆಯನ್ನು ಬೆಳಕಿಗೆ ಹಿಡಿದು ತಳವನ್ನು ನೋಡತಕ್ಕದ್ದು.